1932ರ ಫೋರ್ಡ್ ಹಾಟ್ ರಾಡ್ (ಮಾರ್ಪಡಿಸಿದ ಹಳೆ ಕಾರು): ಸ್ಟೀರಿಂಗ್ ತಿರುಗಿಸಿದರೆ ಮೊದಲು ಬಾಡಿ ಸರಿಯುತ್ತದೆ!

ರೋಡ್‌ಸ್ಟರ್_32:
ಮುಂದೆ ಐ-ಬೀಮ್ ಆಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಗಟ್ಟಿ ತೊಲೆ), ಅಡ್ಡ ಲೀಫ್ ಸ್ಪ್ರಿಂಗ್, ಆಕ್ಸಲನ್ನು ಗಾಡಿಯ ಚೌಕಟ್ಟಿಗೆ (ಚಾಸಿ) ಹಿಡಿದಿಡುವ ಹೇರ್‌ಪಿನ್ ರಾಡ್‌ಗಳು. ವೇಗಾ ಮಾದರಿಯ ಕ್ರಾಸ್ ಸ್ಟೀರಿಂಗ್ ಬಾಕ್ಸ್ (ಚಕ್ರವನ್ನು ಅಡ್ಡ ಸರಳಿನಿಂದ ತಿರುಗಿಸುವಂಥದ್ದು), ರೇಡಿಯಲ್ ಟೈರ್. ವೇಗ ಗಂಟೆಗೆ 80 ಕಿ.ಮೀ. ದಾಟಿದರೆ ಗಾಡಿ ಎಡಕ್ಕೂ ಬಲಕ್ಕೂ ಅಲೆಯುತ್ತದೆ. ಸ್ಟೀರಿಂಗ್ ತಿರುಗಿಸಿದರೆ ಮೊದಲು ಬಾಡಿ ಪಕ್ಕಕ್ಕೆ ಸರಿದ ಹಾಗಾಗುತ್ತದೆ, ಆಮೇಲೆ ಚಕ್ರ ತಿರುಗುತ್ತದೆ. ಗುಂಡಿಗೆ ಇಳಿದರೆ ಸ್ಟೀರಿಂಗ್ ಕೈಯಲ್ಲೇ ಎಳೆಯುತ್ತದೆ. ಕ್ಯಾಸ್ಟರ್ (ಚಕ್ರ ತಿರುಗುವ ಕೀಲು ಹಿಂದಕ್ಕೆ ವಾಲಿದ ಕೋನ) 2 ಡಿಗ್ರಿ, ಟೋ-ಇನ್ (ಚಕ್ರಗಳು ಮುಂದೆ ಒಳಕ್ಕೆ ತಿರುಗಿದ ಅಳತೆ) 6 ಮಿ.ಮೀ. ಇದೆ. ಸ್ಟೀರಿಂಗ್ ಬಾಕ್ಸ್ ಮೇಲಿನ, ಗೇರ್ ಸಡಿಲ ಸರಿಮಾಡುವ ಸ್ಕ್ರೂ ಬಿಗಿ ಮಾಡಲಾ? ಬೀಮ್ ಆಕ್ಸಲ್ ತೆಗೆಯಲು ಮನಸ್ಸಿಲ್ಲ. ಈ ಗಾಡಿಯ ಮುಖವೇ ಅದು.

ಗ್ರೀಸ್_ಕೈ:
ಮೊದಲು ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಕೀಲು) ನೋಡಿ. ಜ್ಯಾಕ್ ಹಾಕಿ ಟೈರಿನ ಮೇಲೆ, ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ (ಸಡಿಲ) ಇದ್ದರೆ ಯಾರಾದರೂ ಬ್ರೇಕ್ ಒತ್ತಲಿ. ಒತ್ತಿದಾಗ ಪ್ಲೇ ಹೋದರೆ ವೀಲ್ ಬೇರಿಂಗ್, ಹೋಗದಿದ್ದರೆ ಕಿಂಗ್ ಪಿನ್. ಅದು ಸವೆದಿದ್ದರೆ ಉಳಿದ ಯಾವ ಅಳತೆಯೂ ನಿಲ್ಲುವುದಿಲ್ಲ.

ಬೀಮ್_ಆಕ್ಸಲ್:
ಆ ಸ್ಕ್ರೂ ಸದ್ಯಕ್ಕೆ ಮುಟ್ಟಬೇಡಿ, ದಯವಿಟ್ಟು. ಈ ಬಾಕ್ಸ್‌ಗಳ ಗೇರ್ ನಟ್ಟನಡುವೆ ಮಾತ್ರ ಬಿಗಿಯಾಗಿ ಕೂರುತ್ತದೆ, ಪಕ್ಕಕ್ಕೆ ಹೋದರೆ ಸಡಿಲ. ಚಕ್ರ ನೇರ ಇದ್ದಾಗ ಬಾಕ್ಸ್ ನಡುವಲ್ಲಿ ಇಲ್ಲದಿದ್ದರೆ ಪ್ಲೇ ಕಂಡೇ ಕಾಣುತ್ತದೆ. ಹಾಗೇ ಬಿಗಿ ಮಾಡಿದರೆ ನಡುವಿಗೆ ಬಂದಾಗ ಬಾಕ್ಸ್ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಮೊದಲು ಡ್ರ್ಯಾಗ್ ಲಿಂಕ್ (ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಸರಳು) ಉದ್ದ ಸರಿಮಾಡಿ ಬಾಕ್ಸನ್ನು ನಡುವಿಗೆ ತನ್ನಿ.

ನಿಮ್ಮ ನಿಜವಾದ ರೋಗ ಬೇರೆ ಅನ್ನಿಸುತ್ತದೆ. ಎಂಜಿನ್ ಆಫ್, ಚಕ್ರ ನೆಲದ ಮೇಲೆ. ಒಬ್ಬರು ಸ್ಟೀರಿಂಗ್ ಎಡಬಲ ಆಡಿಸಲಿ, ನೀವು ಮುಂದೆ ಕೂತು ಸ್ಪ್ರಿಂಗಿನ ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನು ಆಕ್ಸಲ್‌ಗೆ ಜೋಡಿಸುವ ಆಡುವ ಕೊಂಡಿ) ನೋಡಿ. ಟೈರ್ ತಿರುಗುವ ಮೊದಲೇ ಶ್ಯಾಕಲ್ ವಾಲಿ ಚಾಸಿ ಪಕ್ಕಕ್ಕೆ ಸರಿಯುತ್ತಿದೆಯಾ? ಅಡ್ಡ ಸ್ಪ್ರಿಂಗ್ ಜೊತೆ ಕ್ರಾಸ್ ಸ್ಟೀರಿಂಗ್ ಹಾಕಿದರೆ ಡ್ರ್ಯಾಗ್ ಲಿಂಕ್ ತಳ್ಳುವುದೂ ಅಡ್ಡಕ್ಕೇ ಅಲ್ವಾ? ಶ್ಯಾಕಲ್ ಅದಕ್ಕೆ ಜಾಗ ಕೊಟ್ಟುಬಿಡುತ್ತದೆ. ಮದ್ದು ಪ್ಯಾನ್‌ಹಾರ್ಡ್ ಬಾರ್, ಅಂದರೆ ಚಾಸಿ ಪಕ್ಕಕ್ಕೆ ಸರಿಯದ ಹಾಗೆ ಚಾಸಿಗೂ ಆಕ್ಸಲ್‌ಗೂ ನಡುವೆ ಅಡ್ಡ ಹಾಕುವ ಸರಳು.

ಆದರೆ ಸುಮ್ನೆ ಎಲ್ಲೋ ಒಂದು ಕಡೆ ಹಾಕಿದರೆ ಆಗಲ್ಲ. ಚಾಸಿ ಕಡೆಯ ತುದಿ ಸ್ಟೀರಿಂಗ್ ಬಾಕ್ಸ್ ಇರುವ ಬದಿಗೇ ಬರಬೇಕು. ಬಾರ್ ಡ್ರ್ಯಾಗ್ ಲಿಂಕಿಗೆ ಸಮಾನಾಂತರವಾಗಿರಲಿ, ಉದ್ದವೂ ಹೆಚ್ಚುಕಡಿಮೆ ಅಷ್ಟೇ ಇರಲಿ. ಆಗ ಆಕ್ಸಲ್ ಮೇಲೆ ಕೆಳಗೆ ಆಡುವಾಗ ಎರಡೂ ಒಂದೇ ಕಮಾನಿನಲ್ಲಿ ಚಲಿಸುತ್ತವೆ. ಗುಂಡಿಯಲ್ಲಿ ಸ್ಟೀರಿಂಗ್ ಎಳೆಯುವುದೂ ತಗ್ಗುತ್ತದೆ.

ಕ್ಯಾಸ್ಟರ್ 2 ಡಿಗ್ರಿ ತೀರಾ ಕಮ್ಮಿ. ಬೀಮ್ ಆಕ್ಸಲ್‌ಗೆ 6-7 ಡಿಗ್ರಿ ಕೊಡಿ, ಚಕ್ರ ತಾನಾಗಿ ನೇರಕ್ಕೆ ಬರುತ್ತದೆ. ಎರಡೂ ಬದಿ ಒಂದೇ ಅಳತೆ ಇರಲಿ. ಟೋ ಕೊನೆಗೆ ನೋಡಿ, ಕ್ಯಾಸ್ಟರ್ ಬದಲಾದರೆ ಅದೂ ಬದಲಾಗಬಹುದು. ಟೈರಿನ ನಡುವೆ ಸೀಮೆಸುಣ್ಣ ಬಳಿದು, ಚಕ್ರ ತಿರುಗಿಸುತ್ತಾ ಮೊಳೆಯಿಂದ ಒಂದು ಗೆರೆ ಎಳೆಯಿರಿ. ಗಾಡಿ ಇಳಿಸಿ, ಸ್ವಲ್ಪ ಮುಂದೆ ತಳ್ಳಿ, ಆಕ್ಸಲ್ ಎತ್ತರದಲ್ಲಿ ಟೈರಿನ ಮುಂದೆ ಹಿಂದೆ ಗೆರೆಯಿಂದ ಗೆರೆಗೆ ಅಳೆಯಿರಿ. ರೇಡಿಯಲ್‌ಗೆ ಮುಂದೆ 1.5ರಿಂದ 3 ಮಿ.ಮೀ. ಕಮ್ಮಿ ಇದ್ದರೆ ಸಾಕು.

ಸ್ಟೀರಿಂಗ್ ಡ್ಯಾಂಪರ್ ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಇದೆಲ್ಲ ಸರಿಯಾಗುವ ತನಕ ಬೇಡ. ಅದು ನಡುಕವನ್ನು ಮುಚ್ಚುತ್ತದೆ, ಕಾರಣ ಹಾಗೇ ಉಳಿಯುತ್ತದೆ.

ರೋಡ್‌ಸ್ಟರ್_32:
ಕಿಂಗ್ ಪಿನ್ ಗಟ್ಟಿಯಾಗಿದೆ. ಶ್ಯಾಕಲ್ ನೀವು ಹೇಳಿದ ಹಾಗೇ ವಾಲುತ್ತಿದೆ, ಚಾಸಿ ಸರಿಯುವುದು ಕಣ್ಣಿಗೇ ಕಾಣುತ್ತದೆ. ಬಾರ್ ಅಳತೆ ಜ್ಯಾಕ್ ಮೇಲಿದ್ದಾಗ ತೆಗೆಯಬಹುದಾ?

ಬೀಮ್_ಆಕ್ಸಲ್:
ಬೇಡ. ಪೂರ್ತಿ ಭಾರ ಚಕ್ರದ ಮೇಲಿರಬೇಕು, ಇಲ್ಲದಿದ್ದರೆ ಕೋನ ತಪ್ಪುತ್ತದೆ. ಬ್ರಾಕೆಟ್ ಬೆಸುಗೆ ಹಾಕುವ ಮುಂಚೆ ಸ್ಪ್ರಿಂಗ್ ಪೂರ್ತಿ ಕುಗ್ಗಿದರೆ ಬಾರ್ ಎಂಜಿನ್ ಸಂಪ್‌ಗೆ (ತಳದ ಎಣ್ಣೆ ತೊಟ್ಟಿ) ತಾಗುತ್ತದಾ ನೋಡಿ. ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಿ ಡ್ರ್ಯಾಗ್ ಲಿಂಕಿಗೂ ಜಾಗ ಇದೆಯಾ ಪರೀಕ್ಷಿಸಿ. ಟೈ ರಾಡ್ (ಎರಡೂ ಚಕ್ರ ಜೋಡಿಸುವ ಸರಳು) ನಟ್‌ಗಳಿಗೆ ಹೊಸ ಸ್ಪ್ಲಿಟ್ ಪಿನ್ನೇ ಹಾಕಿ.