ವೀರಗಲ್ಲುಗಳ ಚಿತ್ರಕ್ಕೆ ಸ್ಥಳದ ಗುರುತು: ಕ್ಯಾಮೆರಾದ ಜಿಪಿಎಸ್ ಕೊಳ್ಳಬೇಕೇ, ಮೊಬೈಲ್ ಸಾಕೇ?

ಬೆಟಗೇರಿಯಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ರಜೆಯ ದಿನಗಳಲ್ಲಿ ಲಕ್ಕುಂಡಿ, ಡಂಬಳ, ಸೂಡಿಗಳ ಗುಡಿಗಳನ್ನೂ ಸುತ್ತಲಿನ ಊರುಗಳ ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳನ್ನೂ ನಿಕಾನ್ ಡಿ7000 ಕ್ಯಾಮೆರಾದಲ್ಲಿ ಸೆರೆಹಿಡಿಯುತ್ತಿದ್ದೇನೆ. ಗುಡಿಯಾದರೆ ಚಿತ್ರ ನೋಡಿದ ಕೂಡಲೇ ಗುರುತು ಸಿಗುತ್ತದೆ. ವೀರಗಲ್ಲು ಯಾವ ಊರಿನ ಯಾವ ಹೊಲದ್ದೆಂಬುದು ಆರು ತಿಂಗಳು ಕಳೆದರೆ ನನಗೇ ನೆನಪಿರುವುದಿಲ್ಲ. ಆದ್ದರಿಂದ ಪ್ರತಿ ಚಿತ್ರದೊಳಗೇ ಅಕ್ಷಾಂಶ, ರೇಖಾಂಶ ದಾಖಲಾಗಬೇಕು. ಹುಬ್ಬಳ್ಳಿಯಲ್ಲಿ ಒಬ್ಬರು ತಾವು ಬಳಸಿದ ಜಿಪಿ-1 ಎಂಬ, ಉಪಗ್ರಹಗಳಿಂದ ಸ್ಥಳ ಗುರುತಿಸುವ ನಿಕಾನ್ ಜಿಪಿಎಸ್ ಉಪಕರಣವನ್ನು ಮಾರುತ್ತಿದ್ದಾರೆ. ಕೊಳ್ಳಬಹುದೇ? ಕಲ್ಲಿನ ಮಂಟಪದ ಒಳಗೂ ಅದು ಕೆಲಸ ಮಾಡುತ್ತದೆಯೇ?

ಧಾರವಾಡದಿಂದ ಉತ್ತರ:
ಸರ್, ಜಿಪಿ-1 ನನ್ನ ಬಳಿ ಇದೆ, ನಿಮ್ಮ ಕ್ಯಾಮೆರಾಕ್ಕೆ ಹೊಂದುತ್ತದೆ. ಫ್ಲ್ಯಾಶ್ ಕೂರುವ ಜಾಗದಲ್ಲಿ ಕೂರಿಸಿ, ವೈರನ್ನು ಪಕ್ಕದ ಕಿಂಡಿಗೆ ಸಿಕ್ಕಿಸಬೇಕು. ಫ್ಲ್ಯಾಶ್ ಬೇಕಾದಾಗ ಈ ಉಪಕರಣವನ್ನು ಕ್ಯಾಮೆರಾದ ಕೊರಳಪಟ್ಟಿಗೆ ಹಾಕಿಕೊಳ್ಳಬಹುದು. ಅದಕ್ಕೆ ಸ್ವಂತ ಬ್ಯಾಟರಿ ಇಲ್ಲ, ಕ್ಯಾಮೆರಾದ ಬ್ಯಾಟರಿಯನ್ನೇ ಬಳಸುತ್ತದೆ. ಹೀಗಾಗಿ ಇಡೀ ದಿನದ ತಿರುಗಾಟಕ್ಕೆ ಇನ್ನೊಂದು ಬ್ಯಾಟರಿ ಜೊತೆಗಿರಲಿ. ಮಂಟಪದ ಒಳಗೆ ಮಾತ್ರ ಅದನ್ನು ನಂಬಬೇಡಿ. ಪರದೆಯ ಮೇಲಿನ ಜಿಪಿಎಸ್ ಗುರುತು ಮಿನುಗುತ್ತಿದ್ದರೆ ಉಪಕರಣ ಇನ್ನೂ ಉಪಗ್ರಹಗಳನ್ನು ಹುಡುಕುತ್ತಿದೆ ಎಂದರ್ಥ, ಆಗ ತೆಗೆದ ಚಿತ್ರದಲ್ಲಿ ಸ್ಥಳ ದಾಖಲಾಗುವುದಿಲ್ಲ.

ರಾಣೇಬೆನ್ನೂರಿನಿಂದ ಉತ್ತರ:
ನೀವು ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲವೆಂದು ನನ್ನ ಅಭಿಪ್ರಾಯ. ಸಾಗಿದ ದಾರಿಯನ್ನು ಸಮಯದೊಂದಿಗೆ ದಾಖಲಿಸುವ ಜಿಪಿಎಕ್ಸ್ ಕಡತ ಬರೆಯುವ ಯಾವುದಾದರೊಂದು ಆ್ಯಪನ್ನು ಮೊಬೈಲಿಗೆ ಹಾಕಿಕೊಂಡು, ಮನೆ ಬಿಡುವಾಗ ಚಾಲೂ ಮಾಡಿ ಜೇಬಿನಲ್ಲಿಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಎಕ್ಸಿಫ್‌ಟೂಲ್, ಡಿಜಿಕ್ಯಾಮ್ ಅಥವಾ ಲೈಟ್‌ರೂಮ್ ಕ್ಲಾಸಿಕ್ ತಂತ್ರಾಂಶವು ಚಿತ್ರದ ಸಮಯವನ್ನು ದಾರಿಯ ಸಮಯದೊಂದಿಗೆ ಹೊಂದಿಸಿ ಸ್ಥಳವನ್ನು ತಾನೇ ತುಂಬುತ್ತದೆ. ಬ್ಯಾಟರಿ ಉಳಿತಾಯದ ವ್ಯವಸ್ಥೆ ಈ ಆ್ಯಪನ್ನು ನಡುದಾರಿಯಲ್ಲಿ ನಿಲ್ಲಿಸದಂತೆ ಸೆಟ್ಟಿಂಗಿನಲ್ಲಿ ಮೊದಲೇ ಅನುಮತಿ ಕೊಟ್ಟಿರಿ.

ಇಲ್ಲಿ ಎಲ್ಲವೂ ನಿಂತಿರುವುದು ಕ್ಯಾಮೆರಾದ ಗಡಿಯಾರದ ಮೇಲೆ. ನಡೆಯುವಾಗ ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಹೆಚ್ಚು ಸಾಗುತ್ತೇವೆ. ಗಡಿಯಾರ 40 ಸೆಕೆಂಡು ತಪ್ಪಿದ್ದರೆ ಸುಮಾರು 50 ಮೀಟರಿನ ವ್ಯತ್ಯಾಸ ಬರುತ್ತದೆ. ಲಕ್ಕುಂಡಿಯಲ್ಲಿ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಚಿತ್ರ ಎದುರಿನ ನನ್ನೇಶ್ವರ ಗುಡಿಗೆ ಹೋಗಿ ಕೂರಲು ಅಷ್ಟೇ ಸಾಕು. ಇದನ್ನು ತಪ್ಪಿಸಲು ನಾನು ದಿನದ ಮೊದಲ ಚಿತ್ರವಾಗಿ ಸೆಕೆಂಡು ತೋರುವ ಮೊಬೈಲ್ ಗಡಿಯಾರವನ್ನೇ ತೆಗೆಯುತ್ತೇನೆ. ಆ ಚಿತ್ರದಲ್ಲಿ ಕಾಣುವ ಸಮಯಕ್ಕೂ ಕ್ಯಾಮೆರಾ ದಾಖಲಿಸಿದ ಸಮಯಕ್ಕೂ ಇರುವ ಅಂತರವನ್ನು ತಂತ್ರಾಂಶಕ್ಕೆ ಕೊಟ್ಟರೆ ಎಲ್ಲ ಚಿತ್ರಗಳೂ ಸರಿಯಾಗುತ್ತವೆ.

ಇನ್ನೊಂದು ಎಚ್ಚರಿಕೆ. ಜಿಪಿಎಕ್ಸ್ ಕಡತದ ಸಮಯ ವಿಶ್ವಸಮಯದಲ್ಲಿರುತ್ತದೆ, ನಮ್ಮದು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಒಮ್ಮೆ ನಾನು ಈ ಅಂತರವನ್ನು ಸೊನ್ನೆಯಾಗಿ ಬಿಟ್ಟಿದ್ದರಿಂದ, ಬೆಳಿಗ್ಗೆ 10ಕ್ಕೆ ಲಕ್ಕುಂಡಿಯಲ್ಲಿ ತೆಗೆದ ಚಿತ್ರಗಳೆಲ್ಲ ಮಧ್ಯಾಹ್ನ 3:30ಕ್ಕೆ ನಾನಿದ್ದ ಡಂಬಳದ ದೊಡ್ಡಬಸಪ್ಪ ಗುಡಿಯ ಮೇಲೆ ಬಿದ್ದವು. ಮೂಲ ಚಿತ್ರಗಳ ಪ್ರತಿ ಬೇರೆ ಇದ್ದುದರಿಂದ ಅವನ್ನು ಸರಿಪಡಿಸಲು ಸಾಧ್ಯವಾಯಿತು. ನೀವೂ ಪ್ರತಿಯ ಮೇಲೆಯೇ ಕೆಲಸ ಮಾಡಿ.

ಬೆಟಗೇರಿಯಿಂದ:
ತುಂಬಾ ಉಪಕಾರವಾಯಿತು ಸರ್. ಹಾಗಾದರೆ ಮಂಟಪದ ಒಳಗಿನ ಚಿತ್ರಗಳಿಗೆ ಏನು ಮಾಡುತ್ತೀರಿ?

ರಾಣೇಬೆನ್ನೂರಿನಿಂದ:
ಒಳಗೆ ಕಾಲಿಡುವ ಮುನ್ನ ಬಯಲಿನಲ್ಲಿ ಒಂದು ನಿಮಿಷ ನಿಂತು ಗುಡಿಯ ಎದುರುನೋಟದ ಒಂದು ಚಿತ್ರ ತೆಗೆಯಿರಿ. ಒಳಗಿನ ಕಂಬ, ಛತ್ತು, ಶಾಸನಗಳ ಚಿತ್ರಗಳಿಗೆಲ್ಲ ಆ ಚಿತ್ರದ ಸ್ಥಳವನ್ನೇ ನಕಲು ಮಾಡಿದರಾಯಿತು. ಕಲ್ಲಿನ ಚಾವಣಿಯ ಕೆಳಗೆ ಮೊಬೈಲ್ ಬರೆಯುವ ದಾರಿ ಅಡ್ಡಾದಿಡ್ಡಿಯಾಗಿರುತ್ತದೆ, ಅದನ್ನು ನೆಚ್ಚುವಂತಿಲ್ಲ.

ಹಾವೇರಿಯಿಂದ:
ಒಂದು ಮಾತು ಸೇರಿಸಲು ಬಯಸುತ್ತೇನೆ. ಹೊಲದಲ್ಲಿ ಕಾವಲಿಲ್ಲದೆ ನಿಂತ ವೀರಗಲ್ಲಿನ ನಿಖರ ಸ್ಥಳ ಊರಿನವರಿಗೂ ಅಧ್ಯಯನ ಮಾಡುವವರಿಗೂ ಬೇಕು, ಆದರೆ ವಿಗ್ರಹ ಕದಿಯುವವರ ಕೈಗೆ ಸಿಗಬಾರದು. ಹಕ್ಕಿಗಳ ಗೂಡಿನ ಚಿತ್ರಕ್ಕೂ ಇದೇ ಎಚ್ಚರ ಬೇಕು. ಚಿತ್ರವನ್ನು ಜಾಲತಾಣಕ್ಕೆ ಹಾಕುವ ಮೊದಲು ಅದರ ಪ್ರತಿಯಿಂದ ಸ್ಥಳದ ವಿವರವನ್ನು ಅಳಿಸಿ, ಮೂಲದಲ್ಲಿ ಉಳಿಸಿಕೊಳ್ಳಿ.

ಬೆಟಗೇರಿಯಿಂದ:
ಹಾಗೆಯೇ ಮಾಡುತ್ತೇನೆ. ಈಗಷ್ಟೇ ಮೊಬೈಲ್ ಗಡಿಯಾರದ ಚಿತ್ರ ತೆಗೆದು ನೋಡಿದೆ: ನನ್ನ ಕ್ಯಾಮೆರಾ 2 ನಿಮಿಷ 12 ಸೆಕೆಂಡು ಹಿಂದಿದೆ.