ಗಾಲಿ ಇರುವ ಓಪನ್ ಫ್ರೇಮ್ ರ‍್ಯಾಕ್‌ಗೆ ಕನ್ನಡದಲ್ಲಿ ಏನೆನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಒಂದು ಪದ ತುರ್ತಾಗಿ ಬೇಕಾಗಿದೆ. ನಮ್ಮ ಲ್ಯಾಬಿಗೆ ನಾಲ್ಕು ರ‍್ಯಾಕ್ ಬಂದಿವೆ. ಸರ್ವರ್, ಸ್ವಿಚ್, ಯುಪಿಎಸ್ ಕೂರಿಸುವಂಥವು. ನಾಲ್ಕು ಕಂಬ, ಮೇಲೆ ಕೆಳಗೆ ಅಡ್ಡಪಟ್ಟಿ, ಅಷ್ಟೇ. ಬಾಗಿಲಿಲ್ಲ, ಪಕ್ಕದ ತಗಡಿಲ್ಲ. ಅಡಿಯಲ್ಲಿ ನಾಲ್ಕು ಗಾಲಿ, ಮುಂದಿನ ಎರಡಕ್ಕೆ ಬ್ರೇಕ್ ಇದೆ. ಬಿಡಿ ಬಿಡಿಯಾಗಿ ಡಬ್ಬಿಯಲ್ಲಿ ಬರುತ್ತದೆ, ನಾವೇ ಜೋಡಿಸಬೇಕು. ಜೊತೆಗೆ ಕೊಟ್ಟಿರುವ ಹಾಳೆ ಇಂಗ್ಲಿಷಿನಲ್ಲಿದೆ. ಜೋಡಿಸುವ ಫಿಟ್ಟರ್‌ಗಳಿಗೆ, ಆಮೇಲೆ ಅದನ್ನು ಕೋಣೆಯಿಂದ ಕೋಣೆಗೆ ತಳ್ಳುವ ಅಟೆಂಡರ್‌ಗಳಿಗೆ ಕನ್ನಡದ ಹಾಳೆ ಕೊಡಬೇಕು. ಗೋಡೆಗೆ ಒಂದು ಫಲಕವೂ ಬೇಕು.

ನಾನು ಮೊದಲು ಬರೆದದ್ದು ‘ತೆರೆದ ಚೌಕಟ್ಟಿನ ಚಕ್ರಸಹಿತ ಉಪಕರಣ ನಿಲುಗಡೆ’. ನಮ್ಮ ಹಿರಿಯ ಫಿಟ್ಟರ್ ಅದನ್ನು ಎರಡು ಸಲ ಓದಿದರು. ಆಮೇಲೆ ಡಬ್ಬಿಯ ಥರ್ಮೋಕೋಲ್ ಎಲ್ಲ ಎತ್ತಿ ನೋಡಿ, ‘ಸರ್, ಇದರ ಬಾಗಿಲು ಬಂದೇ ಇಲ್ಲ’ ಎಂದರು. ತಪ್ಪು ಅವರದಲ್ಲ, ನನ್ನದು. ‘ತೆರೆದ’ ಎಂದರೆ ಬಾಗಿಲಿದ್ದು ತೆರೆದಿದೆ ಎಂದೇ ಅಲ್ವಾ ಅರ್ಥ?

ಇನ್ನೆರಡು ಮಾತು ಸಿಕ್ಕಿಹಾಕಿಕೊಂಡಿವೆ. ಎತ್ತರದ ಅಳತೆ ‘ಯು’ ಎನ್ನುವುದಕ್ಕೆ ಏನು ಬರೆಯಲಿ? ಕಂಬದ ಚೌಕ ತೂತಿಗೆ ಸಿಕ್ಕಿಸುವ ಕೇಜ್ ನಟ್‌ಗೆ? ‘ಪಂಜರ ನಟ್ಟು’ ಎಂದು ಬರೆದು ಹೊಡೆದು ಹಾಕಿದ್ದೇನೆ.

ಸುಮ್ನೆ ಹಟಕ್ಕೆ ಕೇಳುತ್ತಿಲ್ಲ. ಹೋದ ತಿಂಗಳು ಇಂಥದ್ದೇ ಒಂದು ರ‍್ಯಾಕ್ ಹೊಸ್ತಿಲು ದಾಟಿಸುವಾಗ ಮುಂದಕ್ಕೆ ವಾಲಿ ಬಿತ್ತು. ಯುಪಿಎಸ್ ಅನ್ನು ಮೇಲುಗಡೆ ಕೂರಿಸಿದ್ದರು. ತಳ್ಳುತ್ತಿದ್ದ ಹುಡುಗನ ಕಾಲ್ಬೆರಳು ಜಜ್ಜಿತು. ಎಚ್ಚರಿಕೆ ಆ ಹಾಳೆಯಲ್ಲೇ ಇತ್ತು, ಇಂಗ್ಲಿಷಿನಲ್ಲಿ.

— ಹುಬ್ಬಳ್ಳಿಯಿಂದ

ಮರು:

ಹಂದರ.

ಮಲ್ಲಿಗೆ ಹಂದರ, ಎಲುಬಿನ ಹಂದರ ಎನ್ನುತ್ತೇವಲ್ಲ, ಅದೇ. ಗಾಳಿ ಆಡುವ, ಗೋಡೆ ಇಲ್ಲದ, ಭಾರ ಹೊರುವ ಕಟ್ಟು. ಹಳಗನ್ನಡದ ಪಂದರ್, ಪಕಾರ ಹಕಾರವಾಗಿ ಹಂದರ. ಪಾಲು ಹಾಲಾದ ಹಾಗೆ. ಅಚ್ಚಗನ್ನಡ. ಬೇರೆ ಹುಡುಕಬೇಡಿ.

— ಸಾಗರದಿಂದ

ಮರು:

ಸಾಗರದವರೇ, ಪದ ಚೆಂದ ಇದೆ. ಆದರೆ ಫಲಕ ತೂಗುವುದು ಹುಬ್ಬಳ್ಳಿಯಲ್ಲಿ. ನಮ್ಮ ಕಡೆ ‘ಹಂದರ ತಂದೇವಿ’ ಎಂದರೆ ಯಾರ ಮದುವೆ ಎಂದು ಕೇಳುತ್ತಾರೆ. ಮನೆ ಮುಂದೆ ಹಂದರ ಹಾಕುವುದು ಬಿಟ್ಟು ಇನ್ನೊಂದು ಅರ್ಥ ನಮ್ಮ ಅವ್ವನಿಗೆ ಹೊಳೆಯುವುದೇ ಇಲ್ಲ. ಚೌಕಟ್ಟು ಸಾಕು. ಅದೂ ಕನ್ನಡವೇ, ಚೌಕ ಮತ್ತು ಕಟ್ಟು.

— ಧಾರವಾಡದಿಂದ

ಮರು:

ಚೌಕಟ್ಟು ಕನ್ನಡ ಅಲ್ಲ. ಮರಾಠಿಯ ಚೌಕಟ, ಹಿಂದಿಯ ಚೌಖಟ್ ನೋಡಿ. ‘ಚೌ’ ಎಂದರೆ ಅಲ್ಲಿ ನಾಲ್ಕು. ‘ಕಟ್ಟು’ ಎಂದು ನಮ್ಮ ಕಿವಿಗೆ ಕೇಳಿಸಿದ್ದು ಆಮೇಲೆ.

— ಸಾಗರದಿಂದ

ಮರು:

ಇರಲಿ ಬಿಡಿ ಇಬ್ಬರೂ. ‘ಚಕ್ರಹಂದರ’ ಆದೀತೇ? ಗಾಲಿಯೂ ಬಂತು, ಹಂದರವೂ ಬಂತು, ಮದುವೆಯ ನೆನಪೂ ಆಗುವುದಿಲ್ಲ.

— ತುಮಕೂರಿನಿಂದ

ಮರು:

ಅರಿಸಮಾಸ. ಆಗದು.

— ಮೈಸೂರಿನಿಂದ

ಮರು:

ಮೈಸೂರಿನ ಸರ್, ಒಂದೇ ಪದದಲ್ಲಿ ಬಾಯಿ ಮುಚ್ಚಿಸಿದರೆ ಹೇಗೆ? ಸಂಸ್ಕೃತದ ಚಕ್ರಕ್ಕೆ ಕನ್ನಡದ ಹಂದರ ಕೂಡದು ಎನ್ನುತ್ತೀರಿ. ಆದರೆ ‘ಶಬ್ದಮಣಿದರ್ಪಣ’ದ ವ್ಯಾಕರಣ ಬರೆದ ಕೇಶಿರಾಜನೇ ಬಿರುದಾವಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ವಿನಾಯಿತಿ ಕೊಟ್ಟಿದ್ದಾನೆ. ಗಮಕ, ಕ್ರಿಯಾ ಎಂಬ ಎರಡು ಸಮಾಸಗಳಲ್ಲೂ ಆ ದೋಷ ಎಣಿಸುವುದಿಲ್ಲ. 13ನೇ ಶತಮಾನದಲ್ಲಿ ಅಷ್ಟು ಜಾಗ ಬಿಟ್ಟವನ ಹೆಸರಿನಲ್ಲಿ ಇವತ್ತು ನಾವು ಕದ ಹಾಕಿಕೊಂಡು ಕೂರಬೇಕಾ? ಅಲ್ಲದೆ ಗಾಲಿ ಎಂಬ ಮಾತೇ ಇದೆಯಲ್ಲ. ‘ಗಾಲಿಹಂದರ’ ಎನ್ನಿ, ಯಾವ ತಕರಾರೂ ಇಲ್ಲ.

— ತುಮಕೂರಿನಿಂದ

ಮರು:

ಸೂತ್ರ ನನಗೂ ಗೊತ್ತು. ಚಕ್ರಹಂದರ ಬಿರುದೂ ಅಲ್ಲ, ಗಮಕವೂ ಅಲ್ಲ. ಗಾಲಿಹಂದರಕ್ಕೆ ನನ್ನ ಆಕ್ಷೇಪವಿಲ್ಲ.

— ಮೈಸೂರಿನಿಂದ

ಮರು:

ರ‍್ಯಾಕ್ ಎನ್ನಲು ಏನು ಕಷ್ಟ? ಮೇಜು, ಕುರ್ಚಿ, ಚಾವಿ, ಅಲಮಾರಿ, ಇವೆಲ್ಲ ಹಡಗಿನಲ್ಲೋ ಕುದುರೆ ಮೇಲೋ ಬಂದವು. ಕುರ್ಚಿ ಅರಬ್ಬಿಯಿಂದ, ಚಾವಿ ಪೋರ್ಚುಗೀಸಿನಿಂದ. ಯಾರಾದರೂ ವಾಪಸ್ ಕಳಿಸಿದರಾ? ರೈಲಿಗೆ ಉಗಿಬಂಡಿ ಎಂದು ಬರೆದರು, ಹೊಗೆಬಂಡಿ ಎಂದರು, ಜನ ರೈಲು ಹತ್ತಿದರು. ದೂರವಾಣಿ ಇವತ್ತು ಲೆಟರ್‌ಹೆಡ್‌ನಲ್ಲಿ ಮಾತ್ರ ಇದೆ. ಎಲ್ಲದಕ್ಕೂ ಪದ ಕಟ್ಟುತ್ತೇವೆ ಎಂದು ಹೊರಟು ಓದುವವರನ್ನೇ ಕಳೆದುಕೊಳ್ಳುತ್ತಿದ್ದೇವೆ.

— ಮಂಗಳೂರಿನಿಂದ

ಮರು:

ಮಂಗಳೂರಿನ ಮೇಡಂ, ಗೆದ್ದ ಪದಗಳನ್ನೂ ಹೇಳಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ರೇಡಿಯೋ ಕೇಂದ್ರ ತೆರೆದಾಗ ಅದಕ್ಕಿಟ್ಟ ‘ಆಕಾಶವಾಣಿ’ ಹೆಸರನ್ನು ಮುಂದೆ ದೇಶವೇ ತೆಗೆದುಕೊಂಡಿತು. ಕಟ್ಟಿದ ಪದ ನಿಲ್ಲುವುದಿಲ್ಲ ಎನ್ನುವುದು ಸೋಮಾರಿಗಳ ಮಾತು.

— ಮೈಸೂರಿನಿಂದ

ಮರು:

ಅದು ಸಂಸ್ಕೃತ. ಇಂಗ್ಲಿಷ್ ಸಾಲ ತೀರಿಸಲು ಸಂಸ್ಕೃತದಲ್ಲಿ ಸಾಲ ಮಾಡುವುದನ್ನು ಕನ್ನಡದ ಗೆಲುವು ಎನ್ನಬೇಡಿ.

— ಸಾಗರದಿಂದ

ಮರು:

ಇಪ್ಪತ್ತು ವರ್ಷದಿಂದ ನನಗೆ ಇದೇ ಕೆಲಸ, ರ‍್ಯಾಕ್ ಜೋಡಿಸುವುದು, ಸಾಮಾನು ಕೂರಿಸುವುದು, ವೈರು ಎಳೆಯುವುದು. ಇಲ್ಲಿಯವರೆಗೆ ಸುಮ್ಮನೆ ಓದುತ್ತಿದ್ದೆ. ಈಗ ಬರೆಯಲೇಬೇಕು ಅನ್ನಿಸಿತು, ಯಾಕೆಂದರೆ ಹುಬ್ಬಳ್ಳಿಯವರು ಮೂರು ಪದ ಕೇಳಿದ್ದಾರೆ, ನಾವು ಒಂದನ್ನೇ ಹಿಡಿದು ಜಗ್ಗಾಡುತ್ತಿದ್ದೇವೆ, ಅದೂ ಅವರ ಹಾಳೆಯಲ್ಲಿ ತಲೆಬರಹದಲ್ಲಿ ಒಂದೇ ಸಲ ಬರುವ ಪದವನ್ನು.

ನಿಜಕ್ಕೂ ಮುಖ್ಯವಾದ ಪದ ‘ಯು’. ಒಂದು ಯು ಎಂದರೆ 1.75 ಇಂಚು ಎತ್ತರ, 44.45 ಮಿ.ಮೀ. ಕಂಬದ ಮೇಲೆ ಪ್ರತಿ ಯುಗೆ ಮೂರು ಚೌಕ ತೂತು. ಇಂಗ್ಲಿಷ್ ಹಾಳೆಗಳು ಇಲ್ಲಿಗೆ ನಿಲ್ಲಿಸುತ್ತವೆ, ಅನುವಾದವೂ ಹಾಗೇ ನಿಲ್ಲುತ್ತದೆ. ಆದರೆ ತೂತುಗಳು ಸಮ ದೂರದಲ್ಲಿಲ್ಲ. ಒಂದರಿಂದ ಇನ್ನೊಂದಕ್ಕೆ 15.9 ಮಿ.ಮೀ., ಮತ್ತೆ 15.9, ಆಮೇಲೆ 12.7. ಎರಡು ತೂತು ಹತ್ತಿರ ಹತ್ತಿರ ಇರುವ ಕಡೆ, ಅವುಗಳ ನಟ್ಟನಡುವೆ ಒಂದು ಯು ಮುಗಿದು ಇನ್ನೊಂದು ಶುರುವಾಗುತ್ತದೆ. ಇದು ಗೊತ್ತಿಲ್ಲದೆ ಯಾವುದೋ ತೂತಿನಿಂದ ಮೂರು ಎಣಿಸಿದರೆ ಸಾಮಾನು ಕೂರುವುದೇ ಇಲ್ಲ. ಕೂತರೂ ಪಕ್ಕದ ಎರಡು ಯುಗಳನ್ನು ಅರ್ಧರ್ಧ ತಿಂದುಹಾಕುತ್ತದೆ. ಮೇಲಿನ ಹನ್ನೆರಡು ಸಾಮಾನು ಬಿಚ್ಚಿ ಒಂದೊಂದು ತೂತು ಕೆಳಗಿಳಿಸಿದ ರಾತ್ರಿಗಳು ನನಗೆ ನೆನಪಿವೆ.

ಯುಗೆ ನಾನು ‘ಮನೆ’ ಎನ್ನುತ್ತೇನೆ. ಅಳಗುಳಿಮನೆಯಲ್ಲಿ ಪ್ರತಿ ಗುಳಿಯೂ ಒಂದು ಮನೆ. ಚೌಕಾಬಾರದಲ್ಲೂ ಮನೆ. ಎಣಿಸಬಹುದಾದ, ಒಂದರ ಪಕ್ಕ ಒಂದು ಇರುವ, ಗಡಿ ಇರುವ ಜಾಗಕ್ಕೆ ನಮ್ಮಲ್ಲಿ ಮನೆ ಎಂದೇ ಹೇಳುವುದು. ‘ಈ ಸರ್ವರ್ ಎರಡು ಮನೆಯದು, ಕೆಳಗಿಂದ ಐದನೇ ಮನೆಯಲ್ಲಿ ಕೂರಿಸು’ ಎಂದು ಹೇಳಿ ನೋಡಿ. ಹೊಸ ಹುಡುಗನಿಗೂ ಗಡಿ ಎಲ್ಲಿದೆ ಎಂದು ಹುಡುಕಬೇಕೆನ್ನಿಸುತ್ತದೆ. ‘ಯು’ ಎಂದರೆ ಹಾಗೆ ಅನ್ನಿಸುವುದಿಲ್ಲ. ಕಂಬದ ಮೇಲೆ ಅಂಕಿ ಅಚ್ಚಾಗಿದ್ದರೆ ಅದರ ಪಕ್ಕ ಆವರಣದಲ್ಲಿ ‘ಯು’ ಎಂದೂ ಹಾಕಿ, ಸಾಮಾನಿನ ಡಬ್ಬಿಯ ಮೇಲೆ ಅದೇ ಬರೆದಿರುತ್ತದೆ.

ಕೇಜ್ ನಟ್ ಅನ್ನು ಹಾಗೆಯೇ ಬಿಡಿ. ಅಂಗಡಿಗೆ ಹೋಗಿ ಆರು ಮಿ.ಮೀ. ಕೇಜ್ ನಟ್ ಎಂದರೆ ಕೊಡುತ್ತಾರೆ, ಪಂಜರ ಎಂದರೆ ಹಕ್ಕಿ ಅಂಗಡಿ ತೋರಿಸುತ್ತಾರೆ. ಆದರೆ ಅದರ ಎರಡು ಪಕ್ಕ ಚಾಚಿದ ಸ್ಪ್ರಿಂಗ್ ತಗಡಿಗೆ ‘ಕಿವಿ’ ಎಂದು ಬರೆಯಿರಿ, ನಾವು ಕೊಪ್ಪರಿಗೆಗೂ ಕಿವಿ ಎನ್ನುವವರೇ. ‘ಕಂಬದ ಹಿಂಬದಿಯಿಂದ ಒಂದು ಕಿವಿಯನ್ನು ತೂತಿನ ಅಂಚಿಗೆ ಸಿಕ್ಕಿಸಿ, ಇನ್ನೊಂದನ್ನು ಒತ್ತಿ ಒಳಗೆ ಜಾರಿಸಿ.’ ಇದನ್ನು ಬರಿ ಬೆರಳಿನಿಂದ ಮಾಡಬೇಡಿ ಎಂದೂ ಸೇರಿಸಿ. ನಲವತ್ತು ನಟ್ಟು ಹಾಕುವಷ್ಟರಲ್ಲಿ ಉಗುರಿನ ಸಂದಿ ಕಿತ್ತು ರಕ್ತ ಬರುತ್ತದೆ. ಅದಕ್ಕೆಂದೇ ಕೊಕ್ಕೆಯಂಥ ಒಂದು ತಗಡು ಕೊಟ್ಟಿರುತ್ತಾರೆ.

ಜೋಡಿಸುವ ಮಾತುಗಳಿಗೆ ಹೊಸ ಪದವೇ ಬೇಡ, ಬಡಗಿಗಳ ಮಾತು ಇದೆ. ಮೊದಲು ಎಲ್ಲ ಬೋಲ್ಟನ್ನೂ ‘ಕೈಬಿಗಿ’ ಇಡಿ. ಕರ್ಣ ಅಳೆಯಿರಿ ಎನ್ನಬೇಡಿ, ‘ಮೂಲೆಯಿಂದ ಮೂಲೆಗೆ’ ಎನ್ನಿ. ಎರಡೂ ಅಳತೆ ಒಂದೇ ಬಂದ ಮೇಲೆ ಪಾನಾ ಹಾಕಿ ಬಿಗಿಯಿರಿ. ಮೊದಲೇ ಬಿಗಿದರೆ ಕಟ್ಟು ಸೊಟ್ಟಗಾಗುತ್ತದೆ, ನಾಲ್ಕು ಗಾಲಿಯಲ್ಲಿ ಒಂದು ನೆಲ ಮುಟ್ಟುವುದಿಲ್ಲ. ಅರ್ತ್ ವೈರ್ ಹಾಕುವ ಜಾಗದಲ್ಲಿ ಬಣ್ಣ ಕೆರೆದು ಹಾಕಿ ಅಥವಾ ಹಲ್ಲಿನ ವಾಷರ್ ಹಾಕಿ. ಬಣ್ಣದ ಮೇಲೆ ಹಾಕಿದ ಅರ್ತ್ ಅರ್ತೇ ಅಲ್ಲ.

ಇನ್ನು ‘ಓಪನ್’. ‘ತೆರೆದ’ ಭೂತಕೃದಂತ, ಯಾರೋ ತೆರೆದರು ಎಂಬ ಕ್ರಿಯೆ ಅದರೊಳಗಿದೆ. ಆ ಫಿಟ್ಟರ್ ಬಾಗಿಲು ಹುಡುಕಿದ್ದು ವ್ಯಾಕರಣದ ಪ್ರಕಾರ ಸರಿಯಾಗಿಯೇ ಇದೆ. ಕನ್ನಡದಲ್ಲಿ ಇದಕ್ಕೆ ‘ಬರಿ’ ಇದೆ. ಬರಿಗಾಲು, ಬರಿಗೈ, ಬರಿಮೈ. ಏನೂ ತೊಡದೆ ಇರುವುದು. ‘ಬರಿಕಟ್ಟಿನ ರ‍್ಯಾಕು’ ಎನ್ನಬಹುದು. ರ‍್ಯಾಕ್‌ಗೆ ಉಕಾರ ಸೇರಿಸಿ, ಬಸ್ಸು, ನಟ್ಟು, ಬೋಲ್ಟಿನ ಹಾಗೆ. ಆಮೇಲೆ ರ‍್ಯಾಕಿಗೆ, ರ‍್ಯಾಕಿನ ಎಂದು ವಿಭಕ್ತಿ ತಾನಾಗಿ ಹತ್ತುತ್ತದೆ. ಸಾಗರದವರೇ, ನನಗೂ ಹಂದರ ತುಂಬಾ ಇಷ್ಟ. ಆದರೆ ಕಾಲು ಜಜ್ಜಿಸಿಕೊಂಡ ಹುಡುಗ ಓದಬೇಕಾದ ಫಲಕದಲ್ಲಿ ಮೊದಲ ಪದವೇ ಹೊಸದಾಗಿರುವುದು ನನಗೆ ಒಪ್ಪಿಗೆ ಇಲ್ಲ.

— ಬೆಂಗಳೂರಿನಿಂದ

ಮರು:

ಹೊಸ ಪದವನ್ನು ಫಲಕದಲ್ಲಿ ಬರೆಯದಿದ್ದರೆ ಅದು ಹಳೆಯದಾಗುವುದು ಯಾವಾಗ? ‘ಮನೆ’ ಮಾತ್ರ ಒಪ್ಪಿದೆ. ಅದು ಒಳ್ಳೆಯ ಪದ.

— ಸಾಗರದಿಂದ

ಮರು:

ಬರಿ ಸೇರಿದರೆ ಕಕಾರ ಗಕಾರವಾಗಬೇಕು. ಬರಿಗಟ್ಟು. ಬರಿಗಾಲು ಎಂದು ನೀವೇ ಬರೆದಿದ್ದೀರಿ.

— ಮೈಸೂರಿನಿಂದ

ಮರು:

ಎಲ್ಲರಿಗೂ ತುಂಬಾ ಧನ್ಯವಾದ. ಹಾಳೆ ಅಚ್ಚಿಗೆ ಕೊಟ್ಟೆ.

ಬರಿಗಟ್ಟು ಇಷ್ಟವಾಯಿತು, ಆದರೆ ಇಲ್ಲಿ ಇಬ್ಬರಿಗೆ ಓದಿಸಿದಾಗ ಇಬ್ಬರೂ ತಡವರಿಸಿದರು. ಅದಕ್ಕೆ ತಲೆಬರಹ ‘ಗಾಲಿ ರ‍್ಯಾಕು’, ಅದರ ಕೆಳಗೆ ‘ಇದಕ್ಕೆ ಬಾಗಿಲು, ಪಕ್ಕದ ತಗಡು ಇರುವುದಿಲ್ಲ’ ಎಂದು ಒಂದು ಸಾಲು. ಒಳಗೆ ಎಲ್ಲ ಕಡೆ ಮನೆ, ಕಿವಿ, ಕೈಬಿಗಿ. ಎರಡು ತೂತು ಹತ್ತಿರ ಇರುವ ಜಾಗಕ್ಕೆ ಚಿತ್ರ ಬರೆಸಿ ‘ಮನೆಯ ಗಡಿ’ ಎಂದು ಬಾಣ ಹಾಕಿಸಿದ್ದೇನೆ. ಇವತ್ತು ಮಧ್ಯಾಹ್ನ ಹಿರಿಯ ಫಿಟ್ಟರ್ ಕರಡು ನೋಡಿದರು, ಏನೂ ಕೇಳಲಿಲ್ಲ, ಜೇಬಿನಿಂದ ಮಾರ್ಕರ್ ತೆಗೆದು ಕಂಬದ ಮೇಲೆ ಕೆಳಗಿನಿಂದ ಗಡಿ ಗೀಚುತ್ತಾ ಹೋದರು. ಸಂಜೆಯೊಳಗೆ ಮೊದಲನೆಯದು ನಿಂತಿದೆ.

ಫಲಕದಲ್ಲಿ ಇಷ್ಟು:

ಗಾಲಿ ರ‍್ಯಾಕು
ನಿಲ್ಲಿಸಿದ ಕೂಡಲೇ ಎರಡೂ ಬ್ರೇಕ್ ಹಾಕಿ.
ಭಾರದ ಸಾಮಾನು ಕೆಳಗಿನ ಮನೆಗಳಲ್ಲಿ. ಯುಪಿಎಸ್ ಎಲ್ಲಕ್ಕಿಂತ ಕೆಳಗೆ.
ಒಬ್ಬರೇ ತಳ್ಳಬೇಡಿ. ತಲೆ ಹಿಡಿದು ತಳ್ಳಬೇಡಿ.
ಹೊಸ್ತಿಲು ದಾಟಿಸುವ ಮೊದಲು ಸಾಮಾನು ಇಳಿಸಿ.

‘ತಲೆ ಹಿಡಿದು’ ಎನ್ನುವುದು ಇಲ್ಲಿನ ಅಟೆಂಡರ್ ಒಬ್ಬರು ಹೇಳಿದ್ದು, ನಾನು ‘ಮೇಲ್ಭಾಗವನ್ನು ಹಿಡಿದು’ ಎಂದು ಬರೆದಿದ್ದೆ.

— ಹುಬ್ಬಳ್ಳಿಯಿಂದ