ಅಪ್‌ಡೇಟ್: ಲಾರಿ ಎಸಿ ಸರಿಹೋಯ್ತು, ತೊಂದರೆ ಗ್ಯಾಸಿನದಲ್ಲ

ಹೋದ ತಿಂಗಳು ಕೇಳಿದ್ದೆನಲ್ಲ, ನಮ್ಮ 2012ರ ಟ್ರೈಲರ್ ಲಾರಿ ಹೈವೇಯಲ್ಲಿ ಓಡುವಾಗ ಕ್ಯಾಬಿನ್ ತಕ್ಕಮಟ್ಟಿಗೆ ತಣ್ಣಗಿರುತ್ತೆ, ಟೋಲ್‌ನಲ್ಲಿ ನಿಂತರೆ ಬಿಸಿಗಾಳಿ ಬರುತ್ತೆ ಅಂತ. ಈಗ ಸರಿಹೋಗಿದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಗ್ಯಾಸ್ ಕಮ್ಮಿ ಆಗಿರಲೇ ಇಲ್ಲ. ಬಳ್ಳಾರಿಯ ಹಿರಿಯ ಎಸಿ ಮೆಕ್ಯಾನಿಕ್ ಒಬ್ಬರು ಗೇಜ್ (ಗ್ಯಾಸಿನ ಪ್ರೆಷರ್ ಅಳೆಯುವ ಮೀಟರ್) ಹಾಕಿದರು. ಗಾಡಿ ನಿಂತಲ್ಲೇ ಇಂಜಿನ್ ಓಡುತ್ತಿದ್ದಾಗ ಹೈ ಸೈಡ್ (ಕಂಪ್ರೆಸರ್ ಗ್ಯಾಸ್ ಒತ್ತಿ ಕಳಿಸುವ ಕಡೆ) ಪ್ರೆಷರ್ 350 ಪಿಎಸ್‌ಐ ಹತ್ತಿರ! ಆರ್‌134ಎ ಗ್ಯಾಸಿಗೆ ಅದು ವಿಪರೀತ. ಪೈಪ್ ಹಿಡಿದು ಕಂಡೆನ್ಸರ್ (ಗ್ಯಾಸಿನ ಬಿಸಿ ಹೊರಹಾಕುವ ಜಾಲರಿ) ಮೇಲೆ ನೀರು ಬಿಟ್ಟರು ನೋಡಿ, ಮುಳ್ಳು ಕಣ್ಣೆದುರೇ ಸರ್ರನೆ ಇಳಿಯಿತು, ಒಳಗೆ ತಣ್ಣನೆ ಗಾಳಿ ಬಂತು. ಕಂಡೆನ್ಸರಿಗೆ ಗಾಳಿ ಸಾಲುತ್ತಿರಲಿಲ್ಲ, ಅಷ್ಟೇ. ಇಂಥ ಸ್ಥಿತಿಯಲ್ಲಿ ಇನ್ನಷ್ಟು ಗ್ಯಾಸ್ ತುಂಬಿಸಿದರೆ ಪ್ರೆಷರ್ ಮತ್ತೂ ಏರಿ ಕಂಪ್ರೆಸರೇ ಹೋಗುತ್ತೆ. ಗೇಜ್ ನೋಡದೆ ಗ್ಯಾಸ್ ಹಾಕಲು ದಯವಿಟ್ಟು ಯಾರಿಗೂ ಬಿಡಬೇಡಿ.

ಬಿಚ್ಚಿದಾಗ ಕಂಡೆನ್ಸರ್‌ಗೂ ಇಂಟರ್‌ಕೂಲರ್‌ಗೂ (ಇಂಜಿನ್‌ಗೆ ಹೋಗುವ ಟರ್ಬೊ ಗಾಳಿ ತಣಿಸುವ ಜಾಲರಿ) ಮಧ್ಯೆ ಅದಿರಿನ ಕೆಂಪು ಧೂಳು ಎಣ್ಣೆ ಜೊತೆ ಸೇರಿ ಕಂಬಳಿ ಥರ ಕೂತಿತ್ತು. ಮುಂದಿನಿಂದ ನೋಡಿದರೆ ಏನೂ ಕಾಣಲ್ಲ. ಇಂಜಿನ್ ಕಡೆಯಿಂದ ನಿಧಾನಕ್ಕೆ ನೀರು ಬಿಟ್ಟು ತೊಳೆದೆವು. ಜೋರಾಗಿ ಹೊಡೆದರೆ ಫಿನ್ (ಜಾಲರಿಯ ತೆಳು ತಗಡು) ಮಡಚಿಕೊಳ್ಳುತ್ತೆ, ಹುಷಾರು. ಬಿಸಿ ಏರಿದಾಗ ಇಂಜಿನ್ ಫ್ಯಾನನ್ನು ಜೋರಾಗಿ ತಿರುಗಿಸುವ ವಿಸ್ಕಸ್ ಕ್ಲಚ್ ಕೂಡ ಸೋತಿತ್ತು, ಹೊಸದು ಹಾಕಿಸಿದೆವು.

ಹೀಟರ್ ವಾಲ್ವ್ (ಇಂಜಿನ್ ಬಿಸಿನೀರನ್ನು ಕ್ಯಾಬಿನ್ ಹೀಟರಿಗೆ ಬಿಡುವ ವಾಲ್ವ್) ನೋಡು ಅಂದಿದ್ದ ಅಣ್ಣನಿಗೆ: ನೋಡಿದೆ. ವಾಲ್ವ್ ಮುಚ್ಚಿದಾಗ ಕ್ಯಾಬಿನ್ ಕಡೆಯ ಹೋಸ್ ತಣ್ಣಗೇ ಇತ್ತು, ಬಿಸಿನೀರು ದಾಟುತ್ತಿಲ್ಲ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಭಾರಿ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಆಯ್ತು, ಒಳ್ಳೇದೇ. ಹಳೇ ಗಾಡಿ ಓಡಿಸುವವರು ಬೇಸಿಗೆಗೆ ಮುಂಚೆ ಕಂಡೆನ್ಸರ್ ಹಿಂಬದಿ ಒಮ್ಮೆ ಟಾರ್ಚ್ ಬಿಟ್ಟು ನೋಡಿ.